ಧರ್ಮಯುದ್ಧದಲ್ಲಿ ಧರ್ಮವೆಷ್ಟು?

ಪರಭಾಷೆಯ ಮಾತನ್ನು ನಮ್ಮ ಭಾಷೆಗೆ ತರುವಾಗ ಒಂದು ಶಬ್ದ ತಪ್ಪಿ ಬಿದ್ದರೆ ಅದರ ಹಿಂದೆ ಒಂದು ತಲೆಮಾರಿನ ವಿಚಾರವೇ ದಾರಿ ತಪ್ಪುವುದುಂಟು. ಕ್ರೈಸ್ತರ ‘ಕ್ರೂಸೇಡ್’ ಎಂಬ ಮಾತಿಗೂ ಮುಸಲ್ಮಾನರ ‘ಜಿಹಾದ್’ ಎಂಬ ಮಾತಿಗೂ ನಮ್ಮವರು ‘ಧರ್ಮಯುದ್ಧ’ವೆಂಬ ಒಂದೇ ಪದವನ್ನು ಹಚ್ಚಿದರು. ಕ್ರೂಸೇಡ್ ಎಂದರೆ ಶಿಲುಬೆಯ ಗುರುತನ್ನು ಧರಿಸಿ ಹೊರಡುವ ದಂಡಯಾತ್ರೆ. ಜಿಹಾದ್ ಎಂಬುದಕ್ಕೆ ಮೂಲದಲ್ಲಿ ಪ್ರಯಾಸ, ಪ್ರಯತ್ನ ಎಂಬ ಅರ್ಥವಿದ್ದು, ಯುದ್ಧವು ಅದರ ಒಂದು ಬಗೆ ಮಾತ್ರ. ನಮ್ಮ ಪೂರ್ವಿಕರ ಧರ್ಮಯುದ್ಧವಾದರೋ ಇವೆರಡೂ ಅಲ್ಲ. ಯಾವ ಮತಕ್ಕಾಗಿ ಕಾದಿದರೆಂಬುದನ್ನು ಆ ಪದವು ಕೇಳುವುದೇ ಇಲ್ಲ. ಹೇಗೆ ಕಾದಿದರೆಂಬುದೊಂದನ್ನೇ ಕೇಳುತ್ತದೆ. ಪಾಠಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಮನುಸ್ಮೃತಿಯ ಏಳನೆಯ ಅಧ್ಯಾಯ ಪರಿಚಿತವಷ್ಟೆ. ವಿಷ ಸವರಿದ ಬಾಣವನ್ನು ಬಿಡಬಾರದು. ಆಯುಧವಿಲ್ಲದವನನ್ನು, ಕೈಮುಗಿದವನನ್ನು, ನಿದ್ರಿಸುವವನನ್ನು, ‘ನಾನು ನಿನ್ನವನು’ ಎಂದವನನ್ನು, ಸುಮ್ಮನೆ ನಿಂತು ನೋಡುವವನನ್ನು ಕೊಲ್ಲಬಾರದು ಎಂಬುದು ಅಲ್ಲಿಯ ವಿಧಿ. ಈ ವಿಧಿಯನ್ನು ಮೀರಿದವನು ನಮ್ಮ ಪಕ್ಷದವನೇ ಆಗಲಿ, ಅವನದು ಅಧರ್ಮಯುದ್ಧ. ಇರುಳಲ್ಲಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮನನ್ನು ಬ್ರಾಹ್ಮಣನೆಂದು ಮಹಾಭಾರತವು ಬಿಟ್ಟುಕೊಡಲಿಲ್ಲ. ತೊಡೆಗೆ ಗದೆಯನ್ನಿಕ್ಕಿದ ಭೀಮನನ್ನು ಬಲರಾಮನು ಜರೆದುದನ್ನೂ ಮರೆಮಾಚಲಿಲ್ಲ.

ಈ ಶಬ್ದವಿಚಾರ ಈಗ ಯಾತಕ್ಕೆಂದು ವಾಚಕರು ಕೇಳಬಹುದು. ಕ್ರೈಸ್ತರಿಗೂ ಮುಸಲ್ಮಾನರಿಗೂ ಮಧ್ಯಯುಗದಲ್ಲಿ ನಡೆದ ಯುದ್ಧಗಳಲ್ಲಿ ಯಾರ ಪಕ್ಷದಲ್ಲಿ ನ್ಯಾಯವಿತ್ತೆಂಬ ಚರ್ಚೆಯು ಇಂದು ಯಾದಗಿರಿಯ ಚಹದ ಅಂಗಡಿಯವರೆಗೂ ಬಂದಿದೆ. ಒಬ್ಬರು ಯೆರೂಸಲೇಮಿನ ಹತ್ಯೆಯನ್ನು ಎತ್ತಿದರೆ ಇನ್ನೊಬ್ಬರು ಸ್ಪೇನು ದೇಶದ ಮಾತೆತ್ತುತ್ತಾರೆ. ಮೂರನೆಯವರು ಎರಡನ್ನೂ ಬಿಟ್ಟು ತಾಳಿಕೋಟೆಗೆ ಬರುತ್ತಾರೆ. ವಾದವು ಬಿಸಿಯಾಗುತ್ತದೆ, ಚಹ ಆರುತ್ತದೆ. ಇಂಥ ವಾದಗಳಲ್ಲೆಲ್ಲ ನಾವು ಕಂಡ ದೋಷವೊಂದುಂಟು. ಪ್ರತಿಯೊಬ್ಬರೂ ಹೆಣಗಳನ್ನು ಎಣಿಸುವರು. ಆದರೆ ತಮ್ಮವರ ಹೆಣಗಳನ್ನು ಮಾತ್ರ.

ಮೊದಲು ಆ ದೂರದ ಯುದ್ಧಗಳನ್ನೇ ನೋಡೋಣ. 1095ನೆಯ ಇಸವಿಯ ನವೆಂಬರದಲ್ಲಿ ಫ್ರಾನ್ಸ್ ದೇಶದ ಕ್ಲೆರ್ಮೋಂ ಎಂಬಲ್ಲಿ ಎರಡನೆಯ ಅರ್ಬನ್ ಪೋಪನು ಸಭೆ ಸೇರಿಸಿ, ಯೆರೂಸಲೇಮನ್ನು ಮುಸಲ್ಮಾನರಿಂದ ಬಿಡಿಸಲು ಹೊರಡುವವರ ಪಾಪಕ್ಕೆ ಪ್ರಾಯಶ್ಚಿತ್ತವು ಆ ಯಾತ್ರೆಯಿಂದಲೇ ಆಗುವುದೆಂದು ಸಾರಿದನು. 1099ರ ಜುಲೈಯಲ್ಲಿ ನಗರವು ಅವರ ಕೈಸೇರಿತು. ಒಳಹೊಕ್ಕವರು ಮುಸಲ್ಮಾನರನ್ನೂ ಯೆಹೂದ್ಯರನ್ನೂ ಗಂಡು ಹೆಣ್ಣೆನ್ನದೆ ಕೊಂದರು. ಅದೇ ಪ್ರಾಂತದಲ್ಲಿ ಮುಂದೆ ಆರ್ಚ್‌ಬಿಷಪ್ಪನಾದ ಟೈರಿನ ವಿಲಿಯಮ್ಮನು ಆ ಶತಮಾನದ ಕೊನೆಯ ಭಾಗದಲ್ಲಿ ಇತಿಹಾಸ ಬರೆಯುವಾಗ, ಗೆದ್ದವರ ಮೈಮೇಲಿನ ರಕ್ತವನ್ನು ಕಂಡೇ ಭೀತಿ ಹುಟ್ಟುವಂತಿತ್ತೆಂಬ ಭಾವವನ್ನು ಮುಚ್ಚಿಡಲಿಲ್ಲ. 1187ರಲ್ಲಿ ಸಲಾಹುದ್ದೀನ ಸುಲ್ತಾನನು ಅದೇ ನಗರವನ್ನು ಹಿಂದಕ್ಕೆ ಪಡೆದಾಗ ಕೊಲೆ ನಡೆಯಲಿಲ್ಲ. ಗಂಡಸಿಗೆ ಹತ್ತು ದೀನಾರ, ಹೆಂಗಸಿಗೆ ಐದು ಎಂದು ಬಿಡುಗಡೆಯ ಹಣವನ್ನು ಗೊತ್ತುಮಾಡಿ ಜನರನ್ನು ಹೊರಡಗೊಟ್ಟನು. ಇದು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣವಿಲ್ಲದ ಸಹಸ್ರಾರು ಬಡವರು ಗುಲಾಮರಾದರು. ಅದೇ ವರ್ಷ ಹಟ್ಟೀನಿನ ಕಾಳಗದ ತರುವಾಯ ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಪಂಥಗಳ ಯೋಧರ ಶಿರಚ್ಛೇದವೂ ಆಯಿತು. 1191ರಲ್ಲಿ ಅಕ್ಕ ನಗರದ ಹೊರಗೆ ಇಂಗ್ಲೆಂಡಿನ ರಿಚರ್ಡ್ ದೊರೆಯು, ಪ್ರಾಣಭಿಕ್ಷೆಯ ಭರವಸೆಯ ಮೇಲೆ ಶರಣಾದ ಸುಮಾರು 2700 ಮಂದಿ ಸೆರೆಯಾಳುಗಳನ್ನು ಕೊಲ್ಲಿಸಿದನು. ಆ ಮೇಲೆ 1204ರಲ್ಲಿ ಶಿಲುಬೆಯ ದಂಡು ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೂರೆಗೊಂಡಿತು. ಆ ನಗರವಾದರೋ ಕ್ರೈಸ್ತರದೇ!

ಹೀಗೆ ನಡೆದುದಕ್ಕೆ ಆ ಧರ್ಮಗಳಲ್ಲಿ ನಿಯಮಗಳೇ ಇರಲಿಲ್ಲವೆಂದು ತಿಳಿಯಬಾರದು. ಮೊದಲನೆಯ ಖಲೀಫರಾದ ಅಬೂಬಕರರು ಸೈನ್ಯವನ್ನು ಬೀಳ್ಕೊಡುವಾಗ ಹೆಂಗಸರನ್ನೂ ಮಕ್ಕಳನ್ನೂ ಮುದುಕರನ್ನೂ ಕೊಲ್ಲಬೇಡಿರಿ, ಫಲದ ಗಿಡವನ್ನು ಕಡಿಯಬೇಡಿರಿ, ಮಠಗಳಲ್ಲಿ ತಪಸ್ಸಿಗೆ ಕುಳಿತವರನ್ನು ಅವರ ಪಾಡಿಗೆ ಬಿಡಿರಿ ಎಂದು ಆಜ್ಞಾಪಿಸಿದುದು ಪ್ರಸಿದ್ಧವಾಗಿದೆ. ಕ್ರೈಸ್ತ ಧರ್ಮಾಧಿಕಾರಿಗಳು ಹತ್ತನೆಯ ಶತಮಾನದ ಕೊನೆಯಿಂದಲೂ ‘ದೇವರ ಶಾಂತಿ’ ಎಂಬ ಹೆಸರಿನಲ್ಲಿ ರೈತರಿಗೂ ಪಾದ್ರಿಗಳಿಗೂ ವರ್ತಕರಿಗೂ ಹಾನಿ ಮಾಡಬಾರದೆಂದು ಕಟ್ಟಳೆ ಮಾಡಿದ್ದರು. ವಾರದ ಇಂತಿಂಥ ದಿನ ಯುದ್ಧವೇ ಕೂಡದೆಂಬ ‘ದೇವರ ವಿರಾಮ’ವೂ ಇತ್ತು. ಇಲ್ಲಿಯೇ ವಾಚಕರು ಗಮನಿಸತಕ್ಕ ಸಂಗತಿಯಿದೆ. ಶಿಲುಬೆಯ ಯುದ್ಧವನ್ನು ಸಾರಿದ ಕ್ಲೆರ್ಮೋಂ ಸಭೆಯೇ ಈ ದೇವರ ವಿರಾಮವನ್ನೂ ಪುನಃ ಸ್ಥಿರಪಡಿಸಿತು! ಒಳಗಿನವರಿಗೆ ಶಾಂತಿ, ಹೊರಗಿನವರಿಗೆ ಖಡ್ಗ. ಒಂದೇ ಸಭೆಯಲ್ಲಿ ಎರಡೂ ಹೊರಟವು. ನಿಯಮಕ್ಕೆ ಕೊರತೆಯಿರಲಿಲ್ಲ, ನಿಯಮಕ್ಕೆ ಬೇಲಿಯಿತ್ತು. ಬೇಲಿಯ ಆಚೆಯವನ ಕೈಯಲ್ಲಿ ಆಯುಧವಿದೆಯೆ, ಅವನು ಶರಣು ಬಂದಿದ್ದಾನೆಯೆ ಎಂದು ಕೇಳುವ ಗೊಡವೆಯೇ ಉಳಿಯಲಿಲ್ಲ.

ಅದು ಆ ಕಾಲದ ರೀತಿ, ಈ ಕಾಲದ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ವಿದ್ವಾಂಸರು ಹೇಳುವುದುಂಟು. ಈ ಸಮಾಧಾನವನ್ನು ನಾವು ಒಪ್ಪಲಾರೆವು. ಆ ಕಾಲದಲ್ಲಿಯೇ ಬೇರೆ ರೀತಿಯಲ್ಲಿ ನಡೆದವರೂ ಇದ್ದರು. 1229ರಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯೂ ಈಜಿಪ್ಟಿನ ಅಲ್ ಕಾಮಿಲ್ ಸುಲ್ತಾನನೂ ಮಾತುಕತೆಯಿಂದಲೇ ಒಡಂಬಟ್ಟು, ಯೆರೂಸಲೇಮು ಕ್ರೈಸ್ತರಿಗೆ, ಅದರೊಳಗಿನ ಮುಸಲ್ಮಾನರ ಪವಿತ್ರಸ್ಥಾನ ಮುಸಲ್ಮಾನರಿಗೆ ಎಂದು ತೀರ್ಮಾನಿಸಿದರು. ಒಂದು ತಲೆ ಉರುಳಲಿಲ್ಲ. ಇದಕ್ಕೆ ಅವರಿಗೆ ಸಂದ ಪುರಸ್ಕಾರವೇನು? ಚಕ್ರವರ್ತಿಯು ಮೊದಲೇ ಪೋಪನಿಂದ ಬಹಿಷ್ಕೃತನಾಗಿದ್ದವನು, ಅವನ ಮೇಲಿನ ಸಿಟ್ಟು ಇಳಿಯಲಿಲ್ಲ. ಸುಲ್ತಾನನನ್ನು ದಮಾಸ್ಕಸ್ಸಿನ ಮಸೀದಿಗಳಲ್ಲಿ ಹಳಿದರು. ಕೊಂದು ಗೆದ್ದವರಿಗೆ ಸ್ತೋತ್ರ, ಕೊಲ್ಲದೆ ಪಡೆದವರಿಗೆ ಛೀಮಾರಿ! ರೀತಿ ಕಾಲದ್ದಾದರೂ ಆಯ್ಕೆ ಮನುಷ್ಯರದೇ.

ಈ ಕ್ರೂಸೇಡಿನ ಬಾಲವು ನಮ್ಮ ಬಾಗಿಲಿಗೂ ತಾಕಿತು. ಪೋರ್ತುಗೀಜರು ಸಮುದ್ರದಾರಿ ಹಿಡಿದು ಬಂದಾಗ ಮೆಣಸಿನ ವ್ಯಾಪಾರದ ಜೊತೆಗೆ ಮೂರರ ವೈರವನ್ನೂ ಹಡಗಿನಲ್ಲಿ ತುಂಬಿ ತಂದಿದ್ದರು. ‘ಮೂರ’ರೆಂದು ಅವರು ಕರೆಯುತ್ತಿದ್ದುದು ಮುಸಲ್ಮಾನರನ್ನು. ಗೋವೆಯು ಆಗ ಬಿಜಾಪುರದ ಆದಿಲಶಾಹಿಗೆ ಸೇರಿತ್ತು. 1510ರ ನವೆಂಬರ 25ರಂದು ಆಲ್ಬುಕರ್ಕನು ಗೋವೆಯನ್ನು ಎರಡನೆಯ ಸಾರಿ ಹಿಡಿದು, ನಾಲ್ಕು ದಿನಗಳ ಕಾಲ ಕೈಗೆ ಸಿಕ್ಕ ಮುಸಲ್ಮಾನರನ್ನು ಕೊಲ್ಲಿಸಿದನು. ಮಸೀದಿಯಲ್ಲಿ ತುಂಬಿ ಬೆಂಕಿ ಹಚ್ಚಿದುದನ್ನು ತನ್ನ ದೊರೆಯಾದ ಮನುಯೆಲನಿಗೆ ತಾನೇ ಹೆಮ್ಮೆಯಿಂದ ಬರೆದನು. ರೈತರನ್ನೂ ಬ್ರಾಹ್ಮಣರನ್ನೂ ಬಿಡಬೇಕೆಂದು ಆಜ್ಞೆಯಿತ್ತೆಂದೂ ಅದರಲ್ಲಿಯೇ ಇದೆ. ಈ ದಂಡಯಾತ್ರೆಗೆ ಕೈನೀಡಿದವನು ಹೊನ್ನಾವರದ ಸೀಮೆಯ ಹಿಂದೂ ನಾಯಕನಾದ ತಿಮ್ಮಯ್ಯ. ಗೋವೆಯ ಹಿಂದೂಗಳಿಗೆ ಆ ದಿನ ಅದು ಲಾಭವಾಗಿ ತೋರಿರಬೇಕು. ಮುಂದೆ ಐವತ್ತು ವರ್ಷ ಕಳೆಯುವುದರೊಳಗೆ, 1560ರಲ್ಲಿ, ಅದೇ ಗೋವೆಯಲ್ಲಿ ‘ಇನ್‌ಕ್ವಿಸಿಶನ್’ ಎಂಬ ಮತವಿಚಾರಣೆಯ ನ್ಯಾಯಾಸ್ಥಾನ ಏರ್ಪಟ್ಟಿತು. ಅದಕ್ಕೆ ಮೊದಲೇ ದೇವಾಲಯಗಳೂ ಬಿದ್ದಿದ್ದವು. ನೆರೆಯವನ ಮನೆಗೆ ಹೊತ್ತಿದ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವರ ಕಥೆ ಯಾವಾಗಲೂ ಇಷ್ಟೇ.

ಆದರೆ ಅದೇ ಪೋರ್ತುಗೀಜರು ಘಟ್ಟ ಹತ್ತಿ ನಮ್ಮ ಕೃಷ್ಣಾತೀರಕ್ಕೆ ಬಂದಾಗ ಅವರ ಧರ್ಮಯುದ್ಧವೇನಾಯಿತೆಂಬುದನ್ನು ನೋಡಬೇಕು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನ ಮೇಲೆ ರಾಯಚೂರಿನಲ್ಲಿ ಕಾದಿದಾಗ, ರಾಯನ ಪಕ್ಷದಲ್ಲಿ ಕ್ರಿಸ್ತೊವಾವ್ ಡಿ ಫಿಗೆರೇಡೊ ಎಂಬವನು ಸುಮಾರು 20 ಜನ ಪೋರ್ತುಗೀಜ ಬಂದೂಕಿನವರೊಡನೆ ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದನು. ಆದಿಲಶಹನ ಪಕ್ಷದಲ್ಲಿ ಸಲಾಬತ್‌ಖಾನನೆಂಬ ಸರದಾರನ ಸುತ್ತ ನಿಂತು ಸತ್ತವರು ಯಾರು? ತಮ್ಮವರನ್ನು ಬಿಟ್ಟುಬಂದ 500 ಮಂದಿ ಪೋರ್ತುಗೀಜರು! ಇದನ್ನು ಬರೆದಿಟ್ಟವನೂ ಪೋರ್ತುಗೀಜನಾದ ನೂನಿಜನೇ. ಸಂಬಳ ಕೊಟ್ಟವನ ಕಡೆಗೆ ಶಿಲುಬೆಯೂ ತಿರುಗಿತು. ಅದೇ ನೂನಿಜನು ಇನ್ನೆರಡು ಸಂಗತಿಗಳನ್ನು ಹೇಳುತ್ತಾನೆ. ಓಡುತ್ತಿದ್ದ ಶತ್ರುಗಳನ್ನು ತನ್ನ ಸೈನ್ಯ ನದಿಯವರೆಗೂ ಅಟ್ಟಿ ಕೊಲ್ಲುತ್ತಿರುವಾಗ, ಅಪರಾಧವಿಲ್ಲದ ಇಷ್ಟು ಜನ ಸಾಯುವುದು ಸಲ್ಲದೆಂದು ರಾಯನು ತಡೆದನಂತೆ. ಕೋಟೆ ಕೈಸೇರಿದ ಮೇಲೆ ಪಟ್ಟಣದವರ ಸೊತ್ತಿಗೆ ಅಭಯವಿತ್ತನಂತೆ. ನಮ್ಮ ಅಭಿಪ್ರಾಯದಲ್ಲಿ ರಾಯಚೂರಿನ ಜಯಕ್ಕಿಂತ ಈ ತಡೆಯೇ ಆ ದೊರೆಯ ದೊಡ್ಡ ಕೀರ್ತಿ. ನಮ್ಮ ಪಠ್ಯಪುಸ್ತಕಗಳಲ್ಲಿ ಜಯಕ್ಕೆ ಸಿಕ್ಕಷ್ಟು ಎಡೆ ಅದಕ್ಕೆ ಸಿಗದಿರುವುದು ವಿಷಾದಕರ.

ಇನ್ನು ಕೃಷ್ಣೆಯನ್ನು ದಾಟಿ ಈಚೆಗೆ ಬರೋಣ. ಶಹಾಪುರ ತಾಲೂಕಿನ ಸಗರವನ್ನು ಅರಿಯದವರು ನಮ್ಮ ವಾಚಕರಲ್ಲಿ ಇರಲಾರರು. ರಾಯಚೂರಿನ ಕಾಳಗಕ್ಕೆ ಸುಮಾರು ಇನ್ನೂರು ವರ್ಷ ಮೊದಲು ಆ ಸಗರದಲ್ಲಿ ದಿಲ್ಲಿಯ ಪರವಾಗಿ ಆಳುತ್ತಿದ್ದವನು ಬಹಾಉದ್ದೀನ್ ಗುರ್ಶಾಸ್ಪ್. ಮಹಮ್ಮದ ಬಿನ್ ತುಘಲಕನ ಸೋದರತ್ತೆಯ ಮಗ. 1326-27ರಲ್ಲಿ ಅವನು ದಿಲ್ಲಿಯ ಮೇಲೆ ತಿರುಗಿಬಿದ್ದು ಸೋತು, ಹೆಂಡಿರು ಮಕ್ಕಳನ್ನು ಕರೆದುಕೊಂಡು ಸಗರದಿಂದ ತುಂಗಭದ್ರೆಯ ಕಡೆಗೆ ಓಡಿ, ಕಂಪಿಲಿಯ ರಾಯನ ಮರೆಹೊಕ್ಕನು. ದಿಲ್ಲಿಯ ದಂಡು ಬೆನ್ನಟ್ಟಿ ಬಂದು ಕೋಟೆಯನ್ನು ಮುತ್ತಿತು. ಕೊಟ್ಟುಬಿಟ್ಟರೆ ರಾಜ್ಯ ಉಳಿಯುತ್ತಿತ್ತು. ಕಂಪಿಲಿಯ ರಾಯನು ಕೊಡಲಿಲ್ಲ. ಕೋಟೆಯಲ್ಲಿ ಧಾನ್ಯ ತೀರಿ, ಇನ್ನು ನಿಲ್ಲುವಂತಿಲ್ಲವೆಂದಾದಾಗ ಅವನು ಶರಣಾಗತನನ್ನು ಕರೆದು, ತಾನು ಸಾಯಲು ನಿಶ್ಚಯಿಸಿರುವೆನೆಂದೂ ನೀನು ಇಂಥ ದೊರೆಯ ಬಳಿಗೆ ಹೋಗಿ ಬದುಕಿಕೋ ಎಂದೂ ಹೇಳಿ ಕಳುಹಿಸಿದನು. ಆ ಮೇಲೆ ಅಂತಃಪುರದವರು ಅಗ್ನಿಪ್ರವೇಶ ಮಾಡಿದರು. ರಾಯನು ಕವಚವಿಲ್ಲದೆ ಹೊರಬಿದ್ದು ಹೋರಾಡಿ ಮಡಿದನು. ಇದನ್ನು ಬರೆದವನು ಹಿಂದೂ ಭಾಟನಲ್ಲ. ಮೊರಾಕ್ಕೋ ದೇಶದಿಂದ ಬಂದು ದಿಲ್ಲಿಯಲ್ಲಿ ಕಾಜಿಯಾಗಿದ್ದ ಇಬ್ನ ಬತೂತ. ಕಂಪಿಲಿಯ ಕುಮಾರರಾಮನ ಕಥೆಯನ್ನು ಹಾಡಿಕೊಂಡು ಬಂದ ನಮ್ಮ ನಾಡು ಸಗರದ ಈ ಅತಿಥಿಯನ್ನು ಮಾತ್ರ ಮರೆತಂತಿದೆ.

ಮುಂದಿನ ಕಥೆ ಇನ್ನೂ ಕಠಿನ. ಗುರ್ಶಾಸ್ಪನು ಹೋದುದು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ. ಬಲ್ಲಾಳನು ದಿಲ್ಲಿಯ ದಂಡಿಗೆ ಹೆದರಿ ಅವನನ್ನು ಕಟ್ಟಿ ಒಪ್ಪಿಸಿದನು. ತುಘಲಕನು ತನ್ನ ಸ್ವಂತ ಬಂಧುವನ್ನು, ತನ್ನದೇ ಮತದವನನ್ನು, ಜೀವಸಹಿತ ಚರ್ಮ ಸುಲಿಸಿದನು. ಈಗ ಇದರಲ್ಲಿ ಹಿಂದೂ ಪಕ್ಷ ಯಾವುದು, ಮುಸಲ್ಮಾನ ಪಕ್ಷ ಯಾವುದು? ಮೊರೆಹೊಕ್ಕವನಿಗಾಗಿ ಪ್ರಾಣ ಕೊಟ್ಟವನೂ ಹಿಂದೂ, ಹಿಡಿದುಕೊಟ್ಟವನೂ ಹಿಂದೂ. ಕಾಪಾಡಲ್ಪಟ್ಟವನೂ ಮುಸಲ್ಮಾನ, ಸುಲಿಸಿದವನೂ ಮುಸಲ್ಮಾನ. ಸೆರೆಹಿಡಿಯಲ್ಪಟ್ಟ ರಾಯನ ಹನ್ನೊಂದು ಮಂದಿ ಮಕ್ಕಳು ಇಸ್ಲಾಮಿಗೆ ಸೇರಿಸಲ್ಪಟ್ಟು, ಅಮೀರರಾಗಿ ದಿಲ್ಲಿಯಲ್ಲಿ ಗೌರವದಿಂದಿದ್ದರು. ಅವರಲ್ಲಿ ಕೆಲವರನ್ನು ಇಬ್ನ ಬತೂತನು ಕಣ್ಣಾರೆ ಕಂಡು ಸ್ನೇಹ ಬೆಳೆಸಿದ್ದನು. ಬಲಾತ್ಕಾರದ ಮತಾಂತರವನ್ನು ನಾವು ಸಣ್ಣ ಮಾತೆಂದು ಹೇಳುವವರಲ್ಲ. ಆದರೆ ಈ ಇಡೀ ಪ್ರಸಂಗವನ್ನು ತೂಗಲು ಮತವೆಂಬ ಕಲ್ಲು ಉಪಯೋಗಕ್ಕೆ ಬಾರದು. ಕೊಟ್ಟ ಮಾತು ನಿಂತಿತೇ ಎಂಬ ಕಲ್ಲೊಂದೇ ಸರಿಯಾಗಿ ತೂಗುತ್ತದೆ.

ಇದಾದ ನಲುವತ್ತು ವರ್ಷಗಳಿಗೆ, ಬಹಮನಿಯವರೂ ವಿಜಯನಗರದವರೂ ದೋಆಬಿಗಾಗಿ ಕಾದಾಡುತ್ತಿದ್ದ ದಿನಗಳಲ್ಲಿ, ಜಗತ್ತಿನ ಇತಿಹಾಸದಲ್ಲಿಯೇ ವಿರಳವೆನ್ನಬಹುದಾದ ಒಂದು ಒಡಂಬಡಿಕೆ ಆಯಿತು. ಅದನ್ನು ವಿವರವಾಗಿ ಹೇಳುವೆವು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ಇತಿಹಾಸ ಬರೆದ ಫಿರಿಸ್ತಾನು ಹೇಳುವಂತೆ, ಕಲಬುರಗಿಯ ಮೊದಲನೆಯ ಮಹಮ್ಮದಶಹನು ಒಂದು ದಿನ ಮದ್ಯಗೋಷ್ಠಿಯಲ್ಲಿ ಗಾಯಕರನ್ನು ಮೆಚ್ಚಿ, ಅವರ ಇನಾಮನ್ನು ವಿಜಯನಗರದ ಬೊಕ್ಕಸದಿಂದ ಕೊಡತಕ್ಕದ್ದೆಂದು ಹುಂಡಿ ಬರೆಸಿದನು! ವಿಜಯನಗರದ ದೊರೆ ಬುಕ್ಕರಾಯನು ಹುಂಡಿ ತಂದವನನ್ನು ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿ ಅಟ್ಟಿದನು. ದಂಡೆತ್ತಿ ಬಂದು ಮುದಗಲ್ಲನ್ನು ಹಿಡಿದು, ಅಲ್ಲಿದ್ದ 800 ಮಂದಿಯಲ್ಲಿ ಒಬ್ಬನುಳಿದು ಮಿಕ್ಕವರನ್ನೆಲ್ಲ ಕೊಲ್ಲಿಸಿದನು. ಇದು 1366ರ ಮಾತು. ಉಳಿದವನು ಹೋಗಿ ಸುದ್ದಿ ಹೇಳಿದಾಗ ಮಹಮ್ಮದಶಹನು ಒಂದು ಲಕ್ಷ ಜನರನ್ನು ಕೊಲ್ಲುವವರೆಗೆ ಖಡ್ಗವನ್ನು ಒರೆಯಲ್ಲಿಡೆನೆಂದು ಪ್ರತಿಜ್ಞೆ ಮಾಡಿ ಕೃಷ್ಣೆಯನ್ನು ದಾಟಿದನು. ಹಳ್ಳಿಗಳು ಹಾಳಾದವು, ಬಸಿರಿಯರನ್ನೂ ಹಸುಳೆಗಳನ್ನೂ ಬಿಡಲಿಲ್ಲ. ಫಿರಿಸ್ತಾ ಹೇಳುವ ಲೆಕ್ಕಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ರಾಜರ ಇತಿಹಾಸಕಾರರು ಹೆಣಗಳನ್ನು ಎಣಿಸುವಾಗ ಕೈ ಬಿಗಿಹಿಡಿಯುವವರಲ್ಲ. ಆದರೆ ಆದುದು ಘೋರಹತ್ಯೆಯೆಂಬುದರಲ್ಲಿ ಸಂಶಯವಿಲ್ಲ.

ಮದ್ಯದ ಅಮಲಿನಲ್ಲಿ ಹುಟ್ಟಿದ ಹುಂಡಿ, ಕತ್ತೆಯ ಮೇಲಿನ ಮೆರವಣಿಗೆ: ಈ ಯುದ್ಧದ ಬೀಜದಲ್ಲಿ ಅಲ್ಲಾಹನೆಲ್ಲಿ, ವಿರೂಪಾಕ್ಷನೆಲ್ಲಿ? ಸತ್ತವರು ಮಾತ್ರ ಧರ್ಮದ ಲೆಕ್ಕದಲ್ಲಿ ಬರೆಯಲ್ಪಟ್ಟರು.

ಕಡೆಗೆ ವಿಜಯನಗರದ ರಾಯಭಾರಿಗಳು ಬಂದರು. ಅವರು ಆಡಿದ ಮಾತಿನ ತಾತ್ಪರ್ಯ ಇಷ್ಟು: ರಾಯನು ತಪ್ಪಿದ್ದರೆ ಬಡಪ್ರಜೆಗಳು ತಪ್ಪಲಿಲ್ಲ, ಅಪರಾಧಿಯ ಬದಲು ನಿರಪರಾಧಿಯನ್ನು ದಂಡಿಸಲು ಯಾವ ಶಾಸ್ತ್ರವೂ ಹೇಳುವುದಿಲ್ಲ. ದೇವರು ದಖ್ಖಣವನ್ನು ನಿಮಗೂ ಕರ್ನಾಟಕವನ್ನು ಅವರಿಗೂ ಕೊಟ್ಟಿದ್ದಾನೆ, ನಿಮ್ಮ ವಂಶದವರೂ ಅವರ ವಂಶದವರೂ ಇನ್ನೆಷ್ಟೋ ಕಾಲ ನೆರೆಹೊರೆಯವರಾಗಿಯೇ ಬಾಳಬೇಕು, ಮುಂದೆಯೂ ಯುದ್ಧಗಳಾಗುವುವು, ಆದುದರಿಂದ ನಿರಾಯುಧರನ್ನು ಕೊಲ್ಲುವುದಿಲ್ಲವೆಂದು ಈಗಲೇ ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ಸುಲ್ತಾನನು ಇದನ್ನು ಒಪ್ಪಿ, ಜಯ ದೊರೆತ ಮೇಲೆ ಒಬ್ಬನನ್ನೂ ಕೊಲ್ಲೆನೆಂದೂ ತನ್ನ ನಂತರದವರನ್ನೂ ಇದಕ್ಕೆ ಕಟ್ಟುವೆನೆಂದೂ ಆಣೆಯಿಟ್ಟನು. ಸೆರೆಯಾಳುಗಳನ್ನು ಬಿಡುವುದೂ ಪ್ರಜೆಗಳ ರಕ್ತವನ್ನು ಹರಿಸದಿರುವುದೂ ದಖ್ಖಣದಲ್ಲಿ ಅಂದಿನಿಂದ ವಾಡಿಕೆಯಾಯಿತೆಂದು ಫಿರಿಸ್ತಾನು ಬರೆಯುತ್ತಾನೆ.

ಈ ರಾಯಭಾರಿಗಳ ಹೆಸರುಗಳು ನಮ್ಮ ಬಾಯಲ್ಲಿ ಇಲ್ಲ. ಅವರು ಶತ್ರುವಿನ ಡೇರೆಯಲ್ಲಿ ನಿಂತು, ಸ್ವರ್ಗನರಕಗಳ ಮಾತಾಡದೆ, ಯಾರ ದೇವರು ದೊಡ್ಡವನೆಂದು ವಾದಿಸದೆ, ‘ನಾವು ನೆರೆಯವರು’ ಎಂಬ ಒಂದು ಸಂಗತಿಯ ಮೇಲೆ ನಿಯಮವನ್ನು ಕಟ್ಟಿದರು. ಕ್ಲೆರ್ಮೋಂ ಸಭೆಯ ಶಾಂತಿಗೂ ಇದಕ್ಕೂ ಇರುವ ಅಂತರವನ್ನು ವಾಚಕರು ಗುರುತಿಸಿಯಾರು. ಅಲ್ಲಿಯದು ತಮ್ಮವರೊಳಗೆ ಮಾಡಿಕೊಂಡ ಕಟ್ಟಳೆ. ಇದು ಭಿನ್ನಮತದ ಇಬ್ಬರು ಅರಸರು ಬೇಲಿಯ ಮೇಲೆ ಕೈಹಾಯಿಸಿ ಮಾಡಿಕೊಂಡದ್ದು.

ಒಡಂಬಡಿಕೆಯು ಮುರಿಯಲಿಲ್ಲವೇ? ಮುರಿಯಿತು; ಇಬ್ಬರಿಂದಲೂ ಮುರಿಯಿತು. 1420ರ ಸುಮಾರಿಗೆ ಪಾನಗಲ್ಲಿನಲ್ಲಿ ಫಿರೋಜಶಹನು ಸೋತಾಗ ವಿಜಯನಗರದವರು ಸೋತವರನ್ನು ಕೊಂದು ರುಂಡಗಳ ಜಗಲಿ ಕಟ್ಟಿದರು, ಮಸೀದಿಗಳನ್ನು ಕೆಡವಿದರು. ಕೆಲವೇ ವರ್ಷಗಳಲ್ಲಿ ಅವನ ತಮ್ಮನಾದ ಅಹಮದಶಹನು ಸೇಡಿಗೆ ಹೊರಟು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸುತ್ತ, ಹತರ ಸಂಖ್ಯೆ 20,000 ಆದಾಗಲೆಲ್ಲ ಮೂರು ದಿನ ನಿಂತು ಉತ್ಸವ ಮಾಡಿದನಂತೆ. ಇಲ್ಲಿ ಫಿರಿಸ್ತಾನು ಮಹಮ್ಮದಶಹನ ಒಡಂಬಡಿಕೆಯನ್ನು ಬದಿಗೊತ್ತಿ ಹೀಗೆ ಮಾಡಿದನೆಂದು ಬರೆಯುವುದನ್ನು ಬಿಡಲಿಲ್ಲ. ಅರವತ್ತು ವರ್ಷಗಳ ಹಿಂದಿನ ಆಣೆಯನ್ನು ಇತಿಹಾಸಕಾರನು ತನ್ನ ಮತದ ಸುಲ್ತಾನನ ಮುಖಕ್ಕೇ ಹಿಡಿಯುತ್ತಾನೆ. ಮುರಿದ ನಿಯಮಕ್ಕೂ ಇಲ್ಲದ ನಿಯಮಕ್ಕೂ ಇರುವ ವ್ಯತ್ಯಾಸ ಇದು.

ತಾಳಿಕೋಟೆಯ ಮಾತನ್ನು ಬಹಳ ಬೆಳೆಸುವುದಿಲ್ಲ. ರಕ್ಕಸಗಿ-ತಂಗಡಗಿಯ ಹೆಸರನ್ನು ನಮ್ಮ ಶಾಲೆಯ ಹುಡುಗನೂ ಬಲ್ಲ. 1565ರ ಜನವರಿಯಲ್ಲಿ ಗೆದ್ದವರು ವಿಜಯನಗರವನ್ನು ತಿಂಗಳುಗಟ್ಟಲೆ ಸುಲಿದು ಸುಟ್ಟುದು ಎಂದಿಗೂ ಒರಸಲಾಗದ ಕಳಂಕ. ಅದಕ್ಕೆ ಕೆಲವೇ ವರ್ಷ ಮೊದಲು ರಾಮರಾಯನ ದಂಡು, ಬಿಜಾಪುರದ ಸುಲ್ತಾನನ ಮಿತ್ರನಾಗಿಯೇ ಹೋಗಿ, ಅಹಮದನಗರದ ಸೀಮೆಯಲ್ಲಿ ಮಸೀದಿಗಳನ್ನು ಅಪವಿತ್ರಗೊಳಿಸಿತೆಂದು ಫಿರಿಸ್ತಾನು ಹೇಳುವುದನ್ನೂ ಓದಬೇಕು. ಅಹಮದನಗರದವರು ಮುಸಲ್ಮಾನರಲ್ಲವೇ, ಬಿಜಾಪುರದವರು ಅವರ ಮೇಲೆ ಹಿಂದೂ ದೊರೆಯನ್ನು ಕರೆದೊಯ್ದುದು ಯಾವ ಜಿಹಾದು ಎಂದು ಕೇಳಿದರೆ ಉತ್ತರವಿಲ್ಲ.

ಇನ್ನು ಸುರಪುರದ ಸಂಗತಿ. ವಾಗಿನಗೇರಿಯ ಮುತ್ತಿಗೆಯನ್ನು ಹಿಂದೂ-ಮುಸಲ್ಮಾನ ಯುದ್ಧವೆಂದು ಭಾಷಣಗಳಲ್ಲಿ ಹೇಳುವುದನ್ನು ನಾವು ಕೇಳಿದ್ದೇವೆ. ನಮ್ಮ ಬೇಡ ನಾಯಕರ ಶೌರ್ಯದಲ್ಲಿ ನಮಗಿರುವ ಅಭಿಮಾನ ಯಾರಿಗೂ ಕಡಿಮೆಯಲ್ಲ. 1705ರ ಫೆಬ್ರವರಿ 8ರಂದು ಬಂದಿಳಿದ ಔರಂಗಜೇಬ ಬಾದಶಹನು, 86ರ ಮುಪ್ಪಿನಲ್ಲಿ, ಏಪ್ರಿಲ್ 27ರವರೆಗೆ ಒಬ್ಬ ಪಾಳೆಯಗಾರನ ಗುಡ್ಡದ ಮುಂದೆ ಕುಳಿತುಕೊಳ್ಳಬೇಕಾಯಿತೆಂಬುದೇ ಸಾಕು. ಆದರೆ ಅಲ್ಲಿ ಯಾರು ಯಾರ ಕಡೆಗಿದ್ದರೆಂಬುದನ್ನು ನೋಡಿ. ಪಿಡ್ಡನಾಯಕನ ಹಿಂದಿನವನಾದ ಪಾಮನಾಯಕನು ಸಗರದಿಂದ ಆಳುತ್ತ, 1685-86ರಲ್ಲಿ ಬಿಜಾಪುರಕ್ಕೆ ಮೊಗಲರು ಮುತ್ತಿಗೆ ಹಾಕಿದಾಗ ಸಿಕಂದರ ಆದಿಲಶಹನ ಸಹಾಯಕ್ಕೆ ನಿಂತವನು. ಮುಸಲ್ಮಾನ ಸುಲ್ತಾನನ ಪರವಾಗಿ ಮುಸಲ್ಮಾನ ಬಾದಶಹನ ಮೇಲೆ ಬೇಡ ನಾಯಕನು ಕಾದಿದ. ಉಂಡ ಮನೆಯ ಋಣವನ್ನು ತೀರಿಸಿದ. 1687ರಲ್ಲಿ ಸಗರ ಮೊಗಲರ ಪಾಲಾಯಿತು. ಮುಂದೆ ವಾಗಿನಗೇರಿಯನ್ನು ಮುತ್ತಿದಾಗ ಬಾದಶಹನ ಬಲಕ್ಕೆ ಬಂದವರಲ್ಲಿ ದತಿಯಾದ ದಲಪತರಾವ ಬುಂದೇಲನಂಥ ರಜಪೂತರಿದ್ದರು. ನಾಯಕನ ಸಹಾಯಕ್ಕೆ ಧನಾಜಿ ಜಾಧವನೂ ಹಿಂದೂರಾವನೂ ಮರಾಠರ ಕುದುರೆದಂಡಿನೊಡನೆ ಬಂದುದು ಕೋಟೆಯಲ್ಲಿ ತಮ್ಮ ಹೆಂಡಿರು ಮಕ್ಕಳಿದ್ದುದರಿಂದ. ದಿನಕ್ಕೆ ಸಹಸ್ರಾರು ರೂಪಾಯಿಗಳ ಮಾತೂ ಆಗಿತ್ತು. ಕೊನೆಗೆ ಬೇಡರು ಮನೆಗಳಿಗೆ ಬೆಂಕಿಯಿಟ್ಟು ಇರುಳಲ್ಲಿ ಕಾಡು ಸೇರಿದರು. ಬರಿದಾದ ಕೋಟೆಗೆ ಬಾದಶಹನು ‘ರಹಮಾನ್ ಬಖ್ಷ್’, ಅಂದರೆ ದಯಾಮಯನಾದ ದೇವರು ಕೊಟ್ಟದ್ದು, ಎಂದು ಹೆಸರಿಟ್ಟನು. ಮುಂದೆ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಬಿದ್ದು ಆರು ತಿಂಗಳು ಅಲ್ಲಿಯೇ ಕಳೆದು, ಅಹಮದನಗರಕ್ಕೆ ಹೋಗಿ 1707ರಲ್ಲಿ ತೀರಿಕೊಂಡನು. ಆ ಹೆಸರು ಇಂದು ಯಾರ ಬಾಯಲ್ಲಿಯೂ ಇಲ್ಲ. ವಾಗಿನಗೇರಿ ವಾಗಿನಗೇರಿಯಾಗಿಯೇ ಇದೆ.

ಕ್ರೈಸ್ತರ ಮಾತಿನಿಂದ ಹೊರಟ ನಾವು ಒಂದನ್ನು ಹೇಳದೆ ಬಿಡಲಾಗದು. ಆಲ್ಬುಕರ್ಕನ ಹತ್ಯೆಯ ನೆನಪಿದ್ದೂ ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿಯೇ ಮುದಗಲ್ಲಿನಲ್ಲಿ ರೋಮನ್ ಕ್ಯಾಥೊಲಿಕ್ ಕ್ರೈಸ್ತರ ಒಕ್ಕಲು ಬೇರೂರಿತು. 800 ಮಂದಿ ಸತ್ತ ಅದೇ ಮುದಗಲ್ಲು.

ಹಳೆಯದನ್ನು ಇಷ್ಟು ಕೆದಕಿದುದಕ್ಕೆ ಕಾರಣವು ಹೊಸದರಲ್ಲಿದೆ. 1948ರಲ್ಲಿ, ಆಗ ಗುಲಬರ್ಗಾ ಜಿಲ್ಲೆಗೆ ಸೇರಿದ್ದ ನಮ್ಮ ಮೂರು ತಾಲೂಕುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ರಜಾಕಾರರು ಹಳ್ಳಿಗಳಲ್ಲಿ ಮಾಡಿದ ಕೊಲೆ ಸುಲಿಗೆಗಳನ್ನು ನಾವು ಪ್ರತಿವರ್ಷ ಸಪ್ಟೆಂಬರ 17ರಂದು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಪೋಲೀಸ್ ಕಾರ್ಯಾಚರಣೆ ಮುಗಿದ ತರುವಾಯದ ವಾರಗಳಲ್ಲಿ, ರಜಾಕಾರರಲ್ಲದ, ಆಯುಧವಿಲ್ಲದ ಮುಸಲ್ಮಾನರ ಮೇಲೆ ಆದುದನ್ನು ಯಾರು ನೆನೆಯುತ್ತಾರೆ? ನೆಹರೂ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಊರೂರು ತಿರುಗಿ, ಮಿತವಾಗಿ ಎಣಿಸಿದರೂ ಸಂಸ್ಥಾನದಲ್ಲಿ 27 ರಿಂದ 40 ಸಹಸ್ರ ಜನ ಸತ್ತರೆಂದು ವರದಿ ಮಾಡಿತು. ಅತಿ ಹೆಚ್ಚು ಹಾನಿಗೀಡಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ಉಸ್ಮಾನಾಬಾದ, ಬೀದರ, ನಾಂದೇಡಗಳ ಸಂಗಡ ನಮ್ಮ ಗುಲಬರ್ಗವೂ ಇದೆ. ಈ ವರದಿ ಹಲವು ದಶಕಗಳ ಕಾಲ ಕಪಾಟಿನಲ್ಲಿದ್ದು 2013ರ ಹೊತ್ತಿಗೆ ಸಾರ್ವಜನಿಕರ ಕಣ್ಣಿಗೆ ಬಿತ್ತು. ವಿಮೋಚನೆಗಾಗಿ ಜೈಲು ಸೇರಿದವರ ತ್ಯಾಗಕ್ಕೆ ಈ ಮಾತಿನಿಂದ ಕುಂದುಂಟಾಗುವುದೆಂದು ಅಂಜುವವರಿದ್ದಾರೆ. ಕುಂದು ತಂದವರು ಬರೆದವರಲ್ಲ, ಕೈಮುಗಿದವನನ್ನು ಹೊಡೆದವರು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಒಂದೇ ಕಸುಬಿನವರಲ್ಲಿ ಬಾಂಧವ್ಯವು ಬಲವಾಗಿತ್ತೆಂದೂ, ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ಹಿಂದೂಗಳಿಗೇ ಎದುರು ನಿಂತು, ಕೆಲವೆಡೆ ಪ್ರಾಣವನ್ನೂ ಕೊಟ್ಟರೆಂದೂ ಸಮಿತಿಯು ಬರೆದಿದೆ. ಮಗ್ಗದ ನೆರೆಹೊರೆಯವರು ಕಂಪಿಲಿಯ ರಾಯನ ಹಾದಿಯನ್ನೇ ಹಿಡಿದರು.

ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತನ್ನು ಎಂದೋ ದಾಟಿದ್ದಾರೆ. ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಆ ವರ್ಷ ರಜಾಕಾರರಿಂದ ಯಾವ ಹಿಂದೂ ಕುಟುಂಬವನ್ನು ಯಾವ ಮುಸಲ್ಮಾನ ಗೃಹಸ್ಥರು ಅಡಗಿಸಿ ಕಾಪಾಡಿದರು, ತರುವಾಯ ಯಾವ ಮುಸಲ್ಮಾನ ಕುಟುಂಬವನ್ನು ಯಾವ ಒಕ್ಕಲಿಗನು ಕಣಜದ ಮರೆಯಲ್ಲಿಟ್ಟನು, ಯಾರನ್ನು ಯಾರೂ ಕಾಪಾಡಲಿಲ್ಲ ಎಂಬುದೆಲ್ಲ ಇನ್ನೂ ಕೆಲವು ಹಿರಿಯರ ನೆನಪಿನಲ್ಲಿರಬಹುದು. ತಲಾಟಿಗಳೂ ಶಿಕ್ಷಕರೂ ವಕೀಲರೂ ಆದ ನಮ್ಮ ವಾಚಕರು ತಮ್ಮ ತಮ್ಮ ಊರಿನಲ್ಲಿ ಅಂಥವರನ್ನು ಕಂಡು, ಕೇಳಿ, ಊರ ಹೆಸರು ತಿಂಗಳು ಸಹಿತ ಬರೆದುಕೊಂಡು ನಮಗೆ ಕಳುಹಿಸಬೇಕೆಂದು ಕೋರುತ್ತೇವೆ. ಹೇಳಿದವರು ಒಪ್ಪದೆ ಅವರ ಹೆಸರನ್ನು ಅಚ್ಚು ಹಾಕುವುದಿಲ್ಲ. ಎರಡು ಕಡೆಯವನ್ನೂ ಬಂದಂತೆ ಪ್ರಕಟಿಸುವೆವು. ಮೊದಲ ಕಂತಿಗೆ ಮುಂದಿನ ಭಾನುವಾರದ ಸಂಚಿಕೆಯಲ್ಲಿ ಎಡೆ ಕಾದಿರಿಸಿದ್ದೇವೆ.